ಲಕ್ಷ್ಮೀಬಾಯಿಯ ಬೆಳಗಿನ ಪಾಠ

ಭಾವನವರು ನಮ್ಮ ಮನೆತನದ ವಂಶವೃಕ್ಷವನ್ನು ಅಚ್ಚು ಹಾಕಿಸಿ ಟಿನ್ ಫ್ಯಾಕ್ಟರಿಯ ನಮ್ಮ ಮನೆಗೂ ಒಂದು ಪ್ರತಿ ಕಳಿಸಿದ್ದರು. ಏಳು ತಲೆಮಾರಿನ ಗಂಡಸರ ಹೆಸರುಗಳು ಕೊಂಬೆಕೊಂಬೆಗೂ ಇವೆ. ನಮ್ಮತ್ತೆ ಇರಬೇಕಾದ ಕಡೆ ‘ಧರ್ಮಪತ್ನಿ’ ಎಂದಷ್ಟೇ ಇದೆ. ಇಪ್ಪತ್ತು ವರ್ಷ ಅವರ ಜೊತೆ ಒಂದೇ ಒಲೆಯಲ್ಲಿ ಬೇಯಿಸಿದವಳು ನಾನು, ಮನಸ್ಸಿಗೆ ಚುಚ್ಚಿತು. ನಮ್ಮ ಬಡಾವಣೆಯ ಕಥೆಯೂ ಇದೇ ಅಲ್ಲವೇ? ಕಾರ್ಖಾನೆಯ ಹೆಸರನ್ನು ಕಂಡಕ್ಟರುಗಳು ದಿನವಿಡೀ ಕೂಗುತ್ತಾರೆ, ಅಲ್ಲಿ ತಗಡು ಬಡಿದವರು ಯಾರೆಂದು ಯಾರೂ ಕೇಳುವುದಿಲ್ಲ.

ಆ ವಾರ ನಾನು ಓದುತ್ತಿದ್ದದ್ದು ಪಂಡಿತಾ ರಮಾಬಾಯಿಯವರು 1907ರಲ್ಲಿ ಇಂಗ್ಲಿಷಿನಲ್ಲಿ ಬರೆದ ಆತ್ಮಕಥನ. ರಮಾಬಾಯಿಯವರನ್ನು ಮಹಾರಾಷ್ಟ್ರದವರೆಂದೇ ತಿಳಿದಿರುತ್ತೇವೆ. ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, 1858ರ ಏಪ್ರಿಲ್‌ನಲ್ಲಿ. ತುಂಗೆ, ಭದ್ರೆ, ನೇತ್ರಾವತಿಯರ ತವರಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದರು, ಉಡುಪಿಯ ವಿದ್ವಾಂಸರ ಸಭೆಯಲ್ಲಿ ಶಾಸ್ತ್ರದ ಆಧಾರ ಕೊಟ್ಟು ಅದನ್ನು ಸಮರ್ಥಿಸಿಕೊಂಡರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನ್ನ ತಕರಾರು ಇರುವುದು ವಾಕ್ಯದ ಕರ್ತೃಪದದಲ್ಲಿ. ಕಲಿಸಿದವರು ಅವರು, ವಾದಿಸಿದವರು ಅವರು, ಕಾಡಿಗೆ ಹೋದವರೂ ಅವರೇ. ಲಕ್ಷ್ಮೀಬಾಯಿ ಆ ವಾಕ್ಯದಲ್ಲಿ ಬರೀ ಕರ್ಮಪದ.

ರಮಾಬಾಯಿಯವರ ಮೇಲ್ಜಾತಿ ಹಿಂದೂ ಸ್ತ್ರೀಯರ ಕುರಿತ ಪುಸ್ತಕ 1887ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದಕ್ಕೆ ಮುನ್ನುಡಿ ಬರೆದವರು ಫಿಲಡೆಲ್ಫಿಯದ ಮಹಿಳಾ ವೈದ್ಯಕೀಯ ಕಾಲೇಜಿನ ಡೀನ್ ರೇಚಲ್ ಬಾಡ್ಲಿ. ಅಲ್ಲಿ ಲಕ್ಷ್ಮೀಬಾಯಿ ಒಂದು ಕ್ಷಣ ಕಣ್ಣಿಗೆ ಬೀಳುತ್ತಾಳೆ. ಗೋದಾವರಿಯಲ್ಲಿ ಸ್ನಾನಕ್ಕೆ ಬಂದ ಯಾತ್ರಿಕನೊಬ್ಬ ತನ್ನ ಒಂಬತ್ತು ವರ್ಷದ ಮಗಳನ್ನು, ಅದೇ ತಾನೇ ಗುರುತಾದ ನಲವತ್ನಾಲ್ಕರ ವಿಧುರನಿಗೆ ಮರುದಿನವೇ ಧಾರೆಯೆರೆದ. ಮುಂದೆ ಕಾಡಿನಲ್ಲಿ ಮೊದಲ ರಾತ್ರಿ ಸೂರಿಲ್ಲ, ಹುಲಿಯ ಕೂಗು, ಹುಡುಗಿ ಹೊದಿಕೆಯೊಳಗೆ ಮುದುಡಿಕೊಂಡಿದ್ದಾಳೆ, ಗಂಡ ಬೆಳಗಾಗುವ ತನಕ ಕಾವಲು ಕುಳಿತಿದ್ದಾನೆ. ಗಂಡನ ಎದೆಗಾರಿಕೆಗೆ ಇದು ಸಾಕ್ಷಿ ಎಂದು ಓದುವವರು ಓದಲಿ. ನಾನು ಆ ಹೊದಿಕೆಯನ್ನೇ ನೋಡುತ್ತಾ ಕುಳಿತೆ. ತವರಿಂದ ನೂರಾರು ಮೈಲಿ ದೂರ ಬಂದ ಮಗುವಿಗೆ ಅಮರಕೋಶ ಬೇಕಿತ್ತೋ, ಅಮ್ಮ ಬೇಕಿತ್ತೋ?

ಅದೇ ಮುನ್ನುಡಿಯಲ್ಲಿ ಇನ್ನೊಂದು ಚಿತ್ರವಿದೆ. ನಸುಕಿನಲ್ಲಿ ತಾಯಿ ನಿದ್ದೆಗಣ್ಣಿನ ಮಗಳನ್ನು ಮುದ್ದುಮಾಡಿ ಎಬ್ಬಿಸುತ್ತಾಳೆ, ಕಾಡಿನ ಹಕ್ಕಿಗಳು ಹಾಡುತ್ತವೆ, ಪುಸ್ತಕವಿಲ್ಲದೆ ಬಾಯಿಪಾಠ ಸಾಗುತ್ತದೆ. ಓದಲು ಚೆನ್ನಾಗಿದೆ, ಆದರೆ ಹಕ್ಕಿಗಳನ್ನು ನಾನು ನಂಬಲಾರೆ. ತಾನು ಆರು ತಿಂಗಳ ಕೂಸಾಗಿದ್ದಾಗಲೇ ಮನೆಯವರು ಆ ಆಶ್ರಮ ಬಿಟ್ಟು ಯಾತ್ರೆ ಹೊರಟರೆಂದು ರಮಾಬಾಯಿಯವರೇ ಹೇಳುತ್ತಾರೆ. ತಂದೆಗೆ ವಯಸ್ಸಾಗಿತ್ತು, ಎಂಟರಿಂದ ಹದಿನೈದರವರೆಗೆ ಕಲಿಸಿದ್ದು ತಾಯಿ ಎಂದೂ ಬರೆಯುತ್ತಾರೆ. ಅಂದರೆ ಆ ಪಾಠ ನಡೆದದ್ದು ದಾರಿಯಲ್ಲಿ, ಛತ್ರದಲ್ಲಿ, ಪುರಾಣ ಓದಿ ಹೊಟ್ಟೆ ಹೊರೆಯುತ್ತಿದ್ದ ದೇವಸ್ಥಾನದ ಜಗಲಿಗಳಲ್ಲಿ. ಗೋಡೆ, ಹಲಗೆ, ಸೀಮೆಸುಣ್ಣ ಎಲ್ಲ ಇದ್ದೂ ನಲವತ್ತು ಮಕ್ಕಳಿಗೆ ವಿಭಕ್ತಿಪ್ರತ್ಯಯ ಹತ್ತಿಸಲು ನಾನು ಪಡುವ ಪಾಡು ನನಗೆ ಗೊತ್ತು. ಮುಂದೆ ಯಾರ ನೆರವೂ ಹೆಚ್ಚು ಬೇಡದಂತೆ, ತಾನೇ ಕಲಿಯುವ ಶಕ್ತಿಯನ್ನು ತಾಯಿ ತನಗೆ ಕೊಟ್ಟಳೆಂದು ಮಗಳು ಹೇಳುವಾಗ, ಬಿ.ಎಡ್.ನಲ್ಲಿ ಓದಿದ ಬೋಧನಾಕ್ರಮಗಳೆಲ್ಲ ನೆನಪಾಗಿ ನಗು ಬಂತು.

ಹಾಗೆಂದು ರಮಾಬಾಯಿಯವರ ಬರಹದಲ್ಲಿ ಕೊರತೆ ಇಲ್ಲವೆಂದಲ್ಲ. ಅವರು ಕ್ರೈಸ್ತರಾದ ಮೇಲೆ, ತಮ್ಮ ಹೊಸ ನಂಬಿಕೆಯ ನಿವೇದನೆಯಾಗಿ ಬರೆದದ್ದು ಅದು. ತಂದೆತಾಯಿಯ ಯಾತ್ರೆ, ದಾನ, ವ್ರತಗಳೆಲ್ಲ ವ್ಯರ್ಥವಾದವು ಎಂಬ ಮರುಕ ಉದ್ದಕ್ಕೂ ಇದೆ. ಆ ವ್ರತಗಳಲ್ಲಿ ಲಕ್ಷ್ಮೀಬಾಯಿಗೆ ಏನು ಸಮಾಧಾನ ಸಿಕ್ಕಿತ್ತು ಎಂದು ಮಗಳು ನಿಂತು ಕೇಳುವುದಿಲ್ಲ. ಮಕ್ಕಳಾದ ನಮಗೂ ತಾಯಿಯ ಪೂಜೆಪುನಸ್ಕಾರ ಅರ್ಥವಾಗುವುದು ತಡವಾಗಿಯೇ ಅನ್ನಿ.

ಅವರ ವಾದವೆಲ್ಲ ಮರೆಯಾಗಿ ಬರಹ ನನ್ನನ್ನು ಅಲ್ಲಾಡಿಸಿದ್ದು ರಾಯಚೂರಿನ ಪ್ರಸಂಗದಲ್ಲಿ. 1874ರಲ್ಲಿ, ಕ್ಷಾಮದ ದಿನಗಳಲ್ಲಿ ತಂದೆ ತೀರಿಹೋದರು. ತಾಯಿ ಜ್ವರದಿಂದ ಮಲಗಿ ಸಜ್ಜೆರೊಟ್ಟಿ ಬೇಕೆಂದಳು. ಹದಿನಾರರ ಮಗಳು ಪಕ್ಕದ ಮನೆಯ ಬಾಗಿಲಲ್ಲಿ ನಿಂತಳು. ಸಾವಿರಾರು ಶ್ಲೋಕ ಬರುತ್ತಿದ್ದ ಬಾಯಿಗೆ ಒಂದು ರೊಟ್ಟಿ ಬೇಡಲು ಮಾತು ಬರಲಿಲ್ಲ. ಆ ಮನೆಯಾಕೆ ಅರ್ಥ ಮಾಡಿಕೊಂಡು ಕೊಟ್ಟಳು. ತಂದಾಗ ತಿನ್ನುವ ತ್ರಾಣ ತಾಯಿಗಿರಲಿಲ್ಲ. ಹೆಣ ಹೊರಲು ಜನ ಸಾಲದೆ ಮಗಳೂ ಹೆಗಲು ಕೊಡಬೇಕಾಯಿತು. ಎತ್ತರ ಸಾಲದೆ ತಲೆಯ ಮೇಲೆ ಹೊತ್ತಳು ಎಂದು ಬಾಡ್ಲಿ ಬರೆದಿದ್ದಾರೆ.

1887ರ ಆ ಪುಸ್ತಕವನ್ನು ರಮಾಬಾಯಿ ಅರ್ಪಿಸಿದ್ದು ತಾಯಿಗೆ. ಹೆಸರು ಹಿಡಿದು, ಲಕ್ಷ್ಮೀಬಾಯಿ ಡೋಂಗ್ರೆ ಎಂದು.

ಭಾವನವರಿಗೆ ಕಾಗದ ಬರೆದು ಅತ್ತೆಯ ಹೆಸರು ಕಳಿಸಿದೆ. ಮುಂದಿನ ಸಲ ಸೇರಿಸೋಣ ಎಂದರು, ಒಳ್ಳೆಯವರು. ಅತ್ತೆಯವರ ಅತ್ತೆಯ ಹೆಸರನ್ನೂ ಕೇಳಿದ್ದೆ. ಅದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.