ಟಗರಿನ ಬಾಯೊಳಗಿನ ಲೆಕ್ಕ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕುರಿಗಾರರು ಟಗರಿನ ವಯಸ್ಸನ್ನು ಯಾರನ್ನೂ ಕೇಳುವುದಿಲ್ಲ. ಕೆಳದುಟಿ ಸರಿಸಿ ನೋಡಿದರೆ ಮುಗಿಯಿತು. ಕುರಿಗೆ ಮೇಲ್ದವಡೆಯಲ್ಲಿ ಮುಂಬಲ್ಲೇ ಇಲ್ಲ. ಇರುವ ಎಂಟೂ ಕೆಳಗೆ. ಒಂದರಿಂದ ಒಂದೂವರೆ ವರ್ಷಕ್ಕೆ ನಡುವಿನ ಜೋಡಿ ಹಾಲುಹಲ್ಲು ಬಿದ್ದು ಅಗಲವಾದ ಹಲ್ಲು ಬರುತ್ತವೆ. ಆಮೇಲೆ ಹೆಚ್ಚುಕಡಿಮೆ ವರ್ಷಕ್ಕೊಂದು ಜೋಡಿ. ನಾಲ್ಕರ ಹೊತ್ತಿಗೆ ಬಾಯಿ ತುಂಬುತ್ತದೆ. ಟಗರಿನ ಕಾಳಗದ ಕಣದಲ್ಲೂ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಎಂದೇ ಜೋಡಿ ಕಟ್ಟುತ್ತಾರೆ.

ಅಲಾಸ್ಕಾದಲ್ಲಿ ಕಾಡು ಟಗರನ್ನು ಬೇಟೆಯಾಡುವವನಿಗೆ ಈ ಅನುಕೂಲವಿಲ್ಲ, ದೂರದಿಂದಲೇ ಕೋಡು ಓದಬೇಕು. ಅಲ್ಲಿನ ಸಾಮಾನ್ಯ ನಿಯಮದಂತೆ ಟಗರನ್ನು ಹೊಡೆಯಬೇಕಾದರೆ ಕೋಡು ಪೂರ್ತಿ ಒಂದು ಸುತ್ತು ಬಂದಿರಬೇಕು, ಇಲ್ಲವೇ ಎರಡೂ ಕೋಡು ಮುರಿದಿರಬೇಕು, ಅದೂ ಇಲ್ಲದಿದ್ದರೆ ಕೋಡಿನ ಮೇಲಿನ ವರ್ಷದ ಗೆರೆಗಳು ಎಂಟಾದರೂ ಆಗಿರಬೇಕು. ಕಡು ಚಳಿಗಾಲದಲ್ಲಿ ಕೋಡಿನ ಬೆಳವಣಿಗೆ ನಿಲ್ಲುವುದರಿಂದ ಆ ಗೆರೆ ಮೂಡುತ್ತದೆ. ಘಟಪ್ರಭೆಯ ದಂಡೆಯಲ್ಲಿ ಅಂಥ ಚಳಿ ಎಲ್ಲಿಯದು? ನಮ್ಮ ದಖ್ಖನಿ ಟಗರಿನ ಕೋಡಿನ ಸುಕ್ಕು ನಂಬಿ ವಯಸ್ಸು ಹೇಳುವುದು ಸಲ್ಲ. ಕೋಡು ತೋರಿಸುವುದು ಬೇರೆ: ಬುಡ ದಪ್ಪವೇ, ಎರಡೂ ಸಮವೇ, ತುದಿ ಕೆನ್ನೆಗೆ ಒತ್ತುತ್ತಿದೆಯೇ.

ಪುಸ್ತಕವಿಲ್ಲದೆ ಕೈಯಿಂದ ಕೈಗೆ ಬಂದ ಈ ಜಾಣ್ಮೆ ನನಗೆ ದೊಡ್ಡದು. ಕಾಳಗ ಅಲ್ಲ. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಹಲ್ಲು ನೋಡುವ ಕಣ್ಣಿಗೆ ಕುರಿ ಸಂತೆಯಲ್ಲೇ ಬೇಕಾದಷ್ಟು ಕೆಲಸವಿದೆ.