ಊಟಕ್ಕೆ ಕರೆಯುವ ಖಳ

ಕೂದಲು ಕೆದರಿಕೊಂಡು ಛಾವಣಿಯಿಂದ ಜೋತುಬೀಳುವ ದೆವ್ವಗಳಿಗೆ ನಾನು ಹೆದರುವುದನ್ನು ಬಿಟ್ಟು ಬಹಳ ಕಾಲವಾಯಿತು. ಹಿನ್ನೆಲೆ ಸಂಗೀತ ಏರುತ್ತಿದ್ದಂತೆ ಕಿವಿ ಮುಚ್ಚಿಕೊಂಡರಾಯಿತು, ದೆವ್ವದ ಕೆಲಸ ಮುಗಿಯಿತು. ನನಗೆ ಭಯ ಬಾಗಿಲು ತೆರೆದು ‘ಬನ್ನಿ, ಊಟ ಆಯಿತೇ?’ ಎನ್ನುವವನದು.

2024ರ ಮಲಯಾಳಂ ಚಿತ್ರ ‘ಭ್ರಮಯುಗಂ’ನ ಕೊಡುಮೋನ್ ಪೋಟ್ಟಿ ಅಂಥವನು. 17ನೇ ಶತಮಾನದ ಮಲಬಾರ್. ತಲೆತಪ್ಪಿಸಿಕೊಂಡು ಓಡಿಬಂದ ಹಾಡುಗಾರ ತೇವನ್ ಹಸಿದು ಒಂದು ಪಾಳು ಮನೆ ಸೇರುತ್ತಾನೆ. ಕೆಳಜಾತಿಯವನೆಂದು ಯಜಮಾನ ಅವನನ್ನು ಅಟ್ಟುವುದಿಲ್ಲ. ಹಾಡಿಸುತ್ತಾನೆ, ಅತಿಥಿಯೆಂದು ಉಪಚರಿಸುತ್ತಾನೆ, ಆಮೇಲೆ ಪಗಡೆಗೆ ಕೂರಿಸುತ್ತಾನೆ. ಪಣಕ್ಕಿಡಲು ತೇವನ ಹತ್ತಿರ ಬಿಡಿಗಾಸೂ ಇಲ್ಲ. ಹಾಗಾದರೆ ನಿನ್ನ ಸಮಯವನ್ನೇ ಇಡು ಎನ್ನುತ್ತಾನೆ ಪೋಟ್ಟಿ! ಸೋತ ಮೇಲೆ ತೇವನ್ ಯಾರಿಗೆ ದೂರು ಕೊಡಬೇಕು? ಉಂಡಿದ್ದೂ ಅವನೇ, ಒಪ್ಪಿ ಆಡಿದ್ದೂ ಅವನೇ. ಊಳಿಗಮಾನ್ಯದ ದರ್ಪ ಹೇಗೆ ನಡೆಯುತ್ತದೆಂದು ಬಲ್ಲವರಿಗೆ ಇದರಲ್ಲಿ ಮಾಟಮಂತ್ರಕ್ಕಿಂತ ಹೆಚ್ಚಿನದೇನೋ ಕಾಣುತ್ತದೆ. ನಿರ್ದೇಶಕ ರಾಹುಲ್ ಸದಾಶಿವನ್ ಇಡೀ ಚಿತ್ರವನ್ನು ಕಪ್ಪು-ಬಿಳುಪಿನಲ್ಲಿಟ್ಟಿದ್ದಾರೆ. ಪೋಟ್ಟಿಯಾಗಿ ನಟಿಸಿದ ಮಮ್ಮುಟ್ಟಿಗೆ ಅವಸರವೇ ಇಲ್ಲ. ಬೇಟೆ ಮನೆಯೊಳಗೇ ಇರುವಾಗ ಓಡುವುದೇಕೆ?

1960ರ ‘ಸೈಕೋ’ ನೆನಪಿಸಿಕೊಳ್ಳಿ. ಮಳೆಯಲ್ಲಿ ನೆನೆದು ಬಂದ ಮೇರಿಯನ್‌ಗೆ ಮೋಟೆಲ್ ನಡೆಸುವ ನಾರ್ಮನ್ ಬೇಟ್ಸ್ ಸ್ಯಾಂಡ್‌ವಿಚ್, ಹಾಲು ತಂದುಕೊಡುತ್ತಾನೆ. ರಾಬರ್ಟ್ ಬ್ಲಾಕ್ ಬರೆದ ಮೂಲ ಕಾದಂಬರಿಯಲ್ಲಿ ನಾರ್ಮನ್ ನಲವತ್ತರ, ಕನ್ನಡಕದ, ದಢೂತಿ ಆಸಾಮಿ. ನೋಡಿದರೇ ದೂರ ಸರಿಯಬೇಕೆನಿಸುವವನು. ನಿರ್ದೇಶಕ ಹಿಚ್‌ಕಾಕ್ ಆ ಜಾಗಕ್ಕೆ ಆಂಥನಿ ಪರ್ಕಿನ್ಸ್ ಎಂಬ ಸಣಕಲು, ಸಂಕೋಚದ ಹುಡುಗನನ್ನು ತಂದರು. ಅವನ ಮೇಲೆ ನಮಗೆ ಕನಿಕರ ಹುಟ್ಟಿತು, ಅಲ್ಲಿಗೆ ನಾವೂ ಸಿಕ್ಕಿಬಿದ್ದೆವು.

ಖಳನನ್ನು ಕೆಡಿಸುವ ಸುಲಭದ ದಾರಿಯೆಂದರೆ ವಿವರಣೆ. 1978ರ ‘ಹ್ಯಾಲೋವೀನ್’ನಲ್ಲಿ ಕೊಲೆಗಾರ ಮೈಕಲ್ ಮೈಯರ್ಸ್ ಲಾರಿ ಎಂಬ ಹುಡುಗಿಯ ಬೆನ್ನು ಬಿದ್ದದ್ದೇಕೆಂದು ಯಾರಿಗೂ ಗೊತ್ತಿಲ್ಲ. 1981ರ ಎರಡನೇ ಭಾಗ ಅವಳನ್ನು ಅವನ ತಂಗಿಯಾಗಿಸಿತು, ಭಯ ಕೌಟುಂಬಿಕ ಜಗಳವಾಯಿತು. ಅದೇ ಸರಣಿಯ 2018ರ ಚಿತ್ರ ಆ ನಂಟನ್ನೇ ಕೈಬಿಟ್ಟಿತು. ‘ಸೈಕೋ’ದ ಕೊನೆಯಲ್ಲಿ ಮನೋವೈದ್ಯ ಕೊಡುವ ಉದ್ದನೆಯ ಭಾಷಣವನ್ನೂ ನಾನು ಸಹಿಸಿಕೊಂಡೇ ನೋಡುತ್ತೇನೆ. ನಮ್ಮ ಕನ್ನಡದ ಎಷ್ಟೋ ದೆವ್ವಗಳದ್ದೂ ಇದೇ ಪಾಡು: ಮಧ್ಯಂತರದ ಬಳಿಕ ಫ್ಲ್ಯಾಷ್‌ಬ್ಯಾಕ್, ಅದರಲ್ಲಿ ಅನ್ಯಾಯ, ಆಮೇಲೆ ಸೇಡು. ಅಷ್ಟು ಹೊತ್ತಿಗೆ ಪ್ರೇಕ್ಷಕರೇ ದೆವ್ವದ ಪರ ವಕಾಲತ್ತಿಗೆ ನಿಂತಿರುತ್ತಾರೆ. ಚಿತ್ರಕಥೆ ಬರೆಯುವವರು ಒಂದು ಸಲವಾದರೂ ಆ ಫ್ಲ್ಯಾಷ್‌ಬ್ಯಾಕ್ ಹರಿದುಹಾಕಿ ನೋಡಲಿ.

‘ಭ್ರಮಯುಗಂ’ ನೋಡದವರಿಗೊಂದು ಮಾತು. ಡಬ್ ಆದದ್ದು ಬೇಡ, ಮಲಯಾಳಂನಲ್ಲೇ ನೋಡಿ. ಪೋಟ್ಟಿಯ ಪಾತ್ರದಲ್ಲಿ ಅರ್ಧ ಇರುವುದು ಮಮ್ಮುಟ್ಟಿಯ ದನಿಯಲ್ಲಿ.