ಪಂಪಿನೊಳಗಿನ ಗಮ್

ಶಹಾಪುರ, ಸುರಪುರ ಸೀಮೆಯ ಹತ್ತಿ, ಮೆಣಸಿನ ಹೊಲಗಳಲ್ಲಿ ಔಷಧಿ ಹೊಡೆಯುವಾಗ ಪಂಪಿಗೆ ಒಂದಿಷ್ಟು ‘ಗಮ್’ ಹಾಕುವ ರೂಢಿಯಿದೆ. ಗೊಬ್ಬರದ ಅಂಗಡಿಯಲ್ಲಿ ಸ್ಟಿಕ್ಕರ್, ಸ್ಪ್ರೆಡರ್ ಎಂದು ಸಿಗುವ ಈ ದ್ರವಗಳಲ್ಲಿ ಹೆಚ್ಚಿನವುಗಳ ಸತ್ವ ಸರ್ಫ್ಯಾಕ್ಟಂಟ್. ಬಂಡೆಯ ಸೂಕ್ಷ್ಮ ರಂಧ್ರಗಳಲ್ಲಿ ಸಿಕ್ಕಿಕೊಂಡ ಕಚ್ಚಾತೈಲವನ್ನು ಬಿಡಿಸಲು ರಾಜಸ್ಥಾನದ ಬಾಡಮೇರ್‌ನ ಮಂಗಲಾ ತೈಲಕ್ಷೇತ್ರದಲ್ಲಿ ಪ್ರಯೋಗಿಸಿದ್ದೂ ಇದೇ ವರ್ಗದ ರಾಸಾಯನಿಕವನ್ನು. ತತ್ವ ಎರಡೂ ಕಡೆ ಒಂದೇ, ಬಳಸುವ ಶಿಸ್ತು ಬೇರೆ.

ಗಮ್‌ನಿಂದ ಆಗುವ ಉಪಕಾರ ನಿಜವಾದದ್ದು. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಅದಕ್ಕಾಗಿಯೇ ಮೇಣದ ಪದರವಿರುವ ಎಲೆಯ ಮೇಲೆ ಹನಿ ಗುಂಡಾಗಿ ನಿಂತು ಜಾರುತ್ತದೆ. ಸರ್ಫ್ಯಾಕ್ಟಂಟ್ ಈ ಎಳೆತವನ್ನು ಅರ್ಧಕ್ಕೂ ಕೆಳಗಿಳಿಸುವುದರಿಂದ ಹನಿ ಹರಡಿ, ಎಲೆಯನ್ನು ತೋಯಿಸುತ್ತದೆ. ಬೇವಿನ ಬೀಜದ ಕಷಾಯಕ್ಕೆ ಸೋಪು ಬೆರೆಸುವ ಸಲಹೆಯ ಹಿಂದಿರುವುದೂ ಇದೇ ಲೆಕ್ಕ.

ದೋಷವಿರುವುದು ಅಳತೆಯಲ್ಲಿ. ಗಮ್ ಹೆಚ್ಚಾದರೆ ದ್ರಾವಣ ಎಲೆಯಲ್ಲಿ ನಿಲ್ಲದೆ ಹರಿದು ನೆಲಕ್ಕಿಳಿಯುತ್ತದೆ; ಎಲೆ ಸುಡುವುದೂ ಉಂಟು. ಇ.ಸಿ. ಎಂದು ಬರೆದ ಔಷಧಿಗಳಲ್ಲಿ ಎಮಲ್ಸಿಫೈಯರ್ ಎಂಬ ಸರ್ಫ್ಯಾಕ್ಟಂಟ್ ಮೊದಲೇ ಇರುತ್ತದೆ. ಅದರ ಮೇಲೆ ಮತ್ತೆ ಗಮ್ ಹಾಕುವುದು ಎಷ್ಟೋ ಸಲ ದುಡ್ಡು ದಂಡ. ನೀರಿನ ಗುಣವನ್ನಂತೂ ಕೇಳುವವರೇ ಕಡಿಮೆ. ಭೀಮಾ ಕಣಿವೆಯ ಸುಣ್ಣಕಲ್ಲಿನ ನೆಲದಲ್ಲಿ ಬೋರಿನ ನೀರು ಗಡಸಾಗಿದ್ದರೆ ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಕೂಡಿ ಗಸಿಯಾಗುತ್ತವೆ. ಸೋಪಿನ ಬಲ ಅಲ್ಲೇ ಮುಗಿಯಿತು. ಕಳೆನಾಶಕ ಗ್ಲೈಫೋಸೇಟ್‌ನ ಬಲವನ್ನೂ ಇಂಥ ನೀರು ಕುಗ್ಗಿಸುತ್ತದೆ. ಈ ಕಳೆನಾಶಕದೊಂದಿಗೆ ಬರುವ ಕೆಲವು ಸರ್ಫ್ಯಾಕ್ಟಂಟ್‌ಗಳು ಮೀನಿಗೆ, ಕಪ್ಪೆಮರಿಗೆ ಗ್ಲೈಫೋಸೇಟ್‌ಗಿಂತಲೂ ಹೆಚ್ಚು ವಿಷ. ನಾರಾಯಣಪುರ ಎಡದಂಡೆ ಕಾಲುವೆಯ ದಂಡೆಯಲ್ಲಿ ಪಂಪು ತೊಳೆಯುವವರು ಇದನ್ನು ನೆನಪಿಡಬೇಕು.

ಇದಕ್ಕೆ ಹೋಲಿಸಿದರೆ ತೈಲಕ್ಷೇತ್ರದವರು ಕ್ಷಾರ, ಸರ್ಫ್ಯಾಕ್ಟಂಟ್, ಪಾಲಿಮರ್ ಮೂರನ್ನೂ ನೆಲದೊಳಗೆ ಇಳಿಸುವ ಮುನ್ನ ಬಂಡೆಯ ತುಣುಕು, ನೀರಿನ ಲವಣ, ತಾಪ ಎಲ್ಲವನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಬಂಡೆಯೇ ರಾಸಾಯನಿಕವನ್ನು ಹೀರಿಕೊಂಡರೆ ಹಾಕಿದ ಬಂಡವಾಳ ನೆಲದೊಳಗೇ ಉಳಿಯುತ್ತದೆಂಬ ಭಯ ಅವರಿಗೆ. ರೈತನ ಬಂಡವಾಳ ಚಿಕ್ಕದು, ನಷ್ಟ ತಾಳುವ ಶಕ್ತಿ ಅದಕ್ಕಿಂತ ಚಿಕ್ಕದು. ಹಾಗಿದ್ದೂ ಪರೀಕ್ಷೆಯ ಸೌಲಭ್ಯವೆಲ್ಲ ದೊಡ್ಡ ಬಂಡವಾಳದ ಕಡೆಗೇ ಇದೆ.

ಆದ್ದರಿಂದ ಗಮ್ ಬಿಡಬೇಕಿಲ್ಲ, ಕಣ್ಣಳತೆ ಬಿಡಬೇಕು. ಲೇಬಲ್ ಓದಿ, ಬಾಟಲಿಯಲ್ಲಿ ಸ್ವಲ್ಪ ಕಲಸಿ, ಗಸಿ ಕಟ್ಟುತ್ತದೆಯೇ ಎಂದು ನೋಡಿ, ಆಮೇಲೆ ಪಂಪು ತುಂಬಿಸಬಹುದು. ಭೀಮರಾಯನಗುಡಿಯ ಕೃಷಿ ಕಾಲೇಜು, ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳು ಊರೂರಿನ ನೀರು ಪರೀಕ್ಷಿಸಿ, ಆ ನೀರಿಗೆ ತಕ್ಕ ಪ್ರಮಾಣ ಹೇಳಿದರೆ ಅಂಗಡಿಯವರ ಬಾಯಿಮಾತನ್ನೇ ನಂಬುವ ಪಾಡು ತಪ್ಪುತ್ತದೆ.